ಸ್ಥಾನಬೆಲೆಯ ಪಾಠದಲ್ಲಿ ವಿಸ್ತೃತ ರೂಪ ಎಲ್ಲಿ ಬರಬೇಕು?

ಗಣಿತದ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸಕ್ಕೆ ಇಷ್ಟಪಟ್ಟು ಆರಿಸಿಕೊಳ್ಳುವ ಘಟಕಗಳಲ್ಲಿ ಸ್ಥಾನಬೆಲೆಯೂ ಒಂದು. ಪಾಠ ಸಲೀಸಾಗಿ ಸಾಗುತ್ತದೆ. ಹಲಗೆಯ ಮೇಲೆ 4,532 ಎಂದು ಬರೆದು, ಸಾವಿರ, ನೂರು, ಹತ್ತು, ಬಿಡಿ ಎಂದು ನಾಲ್ಕು ಮನೆ ಹಾಕಿ, 4000 + 500 + 30 + 2 ಎಂದು ಬಿಡಿಸಿ ತೋರಿಸಿದರೆ ಆಯಿತು, ಮಕ್ಕಳು ಮುಂದಿನ ಐದು ಲೆಕ್ಕಗಳನ್ನು ತಾವೇ ಮಾಡುತ್ತಾರೆ. ಆರನೇ ತರಗತಿಯಾದರೆ ಸಂಖ್ಯೆ ಲಕ್ಷಕ್ಕೆ ಏರುತ್ತದೆ. ಏಳನೇ ತರಗತಿಯ ಘಾತಾಂಕಗಳ ಪಾಠವಾದರೆ 4 × 10³ + 5 × 10² + 3 × 10¹ + 2 × 10⁰ ಎಂದಾಗುತ್ತದೆ. ಮೌಲ್ಯಮಾಪನದ ಹಂತದಲ್ಲಿ ಎಲ್ಲ ಕೈಗಳೂ ಮೇಲೇಳುತ್ತವೆ.

ಅದೇ ಮಕ್ಕಳಿಗೆ ಮರುದಿನ ‘ಮೂರು ಸಾವಿರದ ಐದು’ ಎಂದು ಉಕ್ತಲೇಖನ ಕೊಟ್ಟು ನೋಡಿ. ಕೆಲವು ಪಾಟಿಗಳಲ್ಲಿ 30005 ಕಾಣಿಸುತ್ತದೆ. 3735ರಲ್ಲಿ ಒಟ್ಟು ಎಷ್ಟು ನೂರುಗಳಿವೆ ಎಂದು ಕೇಳಿದರೆ ‘ಏಳು’ ಎಂಬ ಉತ್ತರ ಬರುತ್ತದೆ. 10³ ಎಂದರೆ ಎಷ್ಟು ಎಂದರೆ ‘ಮೂವತ್ತು’ ಎನ್ನುವವರೂ ಇರುತ್ತಾರೆ. ವಿಸ್ತರಿಸಿ ಬರೆಯುವ ಲೆಕ್ಕದಲ್ಲಿ ಪೂರ್ಣ ಅಂಕ ತೆಗೆದವರೇ ಇವರು.

ಹಾಗಾದರೆ ಆ ಅಂಕ ಏನನ್ನು ಅಳೆಯಿತು? ನನ್ನ ಅಭಿಪ್ರಾಯದಲ್ಲಿ ತೊಡಕು ವಿಸ್ತೃತ ರೂಪದಲ್ಲಿಲ್ಲ, ಅದನ್ನು ಪಾಠದ ಕೊನೆಯ ಉತ್ತರವಾಗಿ ಇಟ್ಟಿರುವುದರಲ್ಲಿದೆ. ಅದು ಇರಬೇಕಾದದ್ದು ನಡುವೆ, ಬಾಯಲ್ಲಿ ಹೇಳುವ ಸಂಖ್ಯೆಗೂ ಅಂಕಿಗಳಲ್ಲಿ ಬರೆಯುವ ಸಂಖ್ಯೆಗೂ ಮಧ್ಯದ ಹಂತವಾಗಿ. ಹತ್ತರ ಘಾತಗಳು ಬರಬೇಕಾದದ್ದು ಆ ಹಂತವನ್ನು ಎರಡೂ ದಿಕ್ಕಿನಿಂದ ದಾಟಲು ಮಗುವಿಗೆ ಬಂದ ಮೇಲೆ.

ಕಿವಿಗೆ ಬೀಳುವುದೇ ವಿಸ್ತೃತ ರೂಪ

30005 ಎಂದು ಬರೆದ ಮಗು ಕಣ್ಣುಮುಚ್ಚಿ ಬರೆದಿಲ್ಲ. ಮೂರು ಸಾವಿರ ಎಂದು ಕೇಳಿ 3000 ಬರೆಯಿತು, ಐದು ಎಂದು ಕೇಳಿ ಅದರ ಪಕ್ಕದಲ್ಲಿ 5 ಬರೆಯಿತು. ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಇಳಿಸಿದೆ. ಕನ್ನಡದ ಸಂಖ್ಯಾನಾಮಗಳು ತಾವೇ ವಿಸ್ತೃತ ರೂಪದಲ್ಲಿವೆ. ‘ಮೂರು ಸಾವಿರದ ಏಳು ನೂರಾ ಮೂವತ್ತೈದು’ ಎನ್ನುವಾಗ 3000 + 700 + 30 + 5 ಎಂಬುದನ್ನೇ ನಾವು ಉಚ್ಚರಿಸುತ್ತೇವೆ. ಹತ್ತು ಮೊದಲು, ಬಿಡಿ ಆಮೇಲೆ ಬರುತ್ತದೆ. ಇಪ್ಪತ್ತೊಂದು, ಮೂವತ್ತೈದು ಎಂದು ಎರಡು ಭಾಗಗಳೂ ಕಿವಿಗೆ ಬೇರೆಬೇರೆಯಾಗಿ ಬೀಳುತ್ತವೆ. ಇದು ಕನ್ನಡ ಮಾಧ್ಯಮದ ಮಕ್ಕಳಿಗೆ ಪುಕ್ಕಟೆ ಸಿಕ್ಕ ಅನುಕೂಲ.

ಇಳಕಲ್ಲ, ಹುನಗುಂದದ ಕಡೆಯ ತರಗತಿಗಳಲ್ಲಿ ಮನೆಯಲ್ಲಿ ಉರ್ದು ಮಾತನಾಡುವ ಮಕ್ಕಳೂ ಇರುತ್ತಾರೆ. ಅವರ ಮನೆಮಾತಿನಲ್ಲಿ 35 ಎಂದರೆ ‘ಪೈಂತೀಸ್’. ಐದರ ದನಿ ಮೊದಲು, ಮೂವತ್ತರ ದನಿ ಆಮೇಲೆ. ಅಂಥ ಮಗು 35ಕ್ಕೆ 53 ಬರೆದರೆ ಅದಕ್ಕೂ ಕಾರಣ ಕಿವಿಯಲ್ಲೇ ಇರಬಹುದು. ಇದನ್ನು ಅರಿತ ಶಿಕ್ಷಕರು ‘ಪೈಂತೀಸ್’ನಲ್ಲಿ ಮೂವತ್ತು ಯಾವುದು, ಐದು ಯಾವುದು ಎಂದು ಆ ಮಗುವಿನಿಂದಲೇ ಕೇಳಿ ತಿಳಿದು ಪಾಠವನ್ನು ಮುಂದುವರಿಸಬಹುದು.

ಆದ್ದರಿಂದ ಬಿಡಿಸಿ ಹೇಳುವುದು ಮಕ್ಕಳಿಗೆ ಹೊಸದಲ್ಲ. ಹೊಸದು ಮಡಚುವುದು: 3000, 700, 30, 5 ಎಂಬ ನಾಲ್ಕು ಬೇರೆ ಸಂಖ್ಯೆಗಳನ್ನು ನಾಲ್ಕೇ ಅಂಕಿಗಳ ಜಾಗದಲ್ಲಿ ಕೂರಿಸುವುದು. ನಮ್ಮ ಬಹುಪಾಲು ಪಾಠಗಳು ಬಿಡಿಸುವುದನ್ನು ಕಲಿಸಿ ಮುಗಿಯುತ್ತವೆ. ಅದಕ್ಕೆ ಆರಿಸುವ ಸಂಖ್ಯೆಗಳೂ 4,532, 6,871 ಎಂದು ಸೊನ್ನೆಯಿಲ್ಲದವು, ದೊಡ್ಡ ಸ್ಥಾನದಿಂದ ಚಿಕ್ಕ ಸ್ಥಾನಕ್ಕೆ ಓರಣವಾಗಿ ಇಳಿಯುವಂಥವು. ಅಂಕಿ ಬರೆದು ಅದರ ಮುಂದೆ ಮೂರು, ಎರಡು, ಒಂದು ಸೊನ್ನೆ ಹಾಕುತ್ತ ಹೋದರೆ ಉತ್ತರ ಸರಿಯಾಗುತ್ತದೆ. ಬೆಲೆಯ ಬಗ್ಗೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ.

ಮೇಗುತಿ ಗುಡ್ಡದ ಸಂಖ್ಯೆಗಳು

ಸೊನ್ನೆ ಹಾಕುವ ಈ ರೂಢಿಯನ್ನು ಕೆಡಿಸುವ ಒಳ್ಳೆಯ ಲೆಕ್ಕ ಐಹೊಳೆಯಲ್ಲೇ ಇದೆ. ಮೇಗುತಿ ಗುಡ್ಡದ ಮೇಲಿನ ಜಿನಾಲಯದ ಗೋಡೆಯಲ್ಲಿ ರವಿಕೀರ್ತಿ ಬರೆಸಿದ ಶಾಸನವನ್ನು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳಿಗಾಗಿ ಸಮಾಜ ವಿಜ್ಞಾನದ ಪಾಠದಲ್ಲಿ ಎಲ್ಲರೂ ಓದಿರುತ್ತಾರೆ. ಅದರ ಕಾಲ ಕ್ರಿ.ಶ. 634. ಈ ಕಾಲ ನಮಗೆ ತಿಳಿದದ್ದು ಶಾಸನವೇ ಅದನ್ನು ಹೇಳುವುದರಿಂದ. ಹೇಳಿರುವ ಬಗೆಯನ್ನು ಗಣಿತದ ಶಿಕ್ಷಕರು ಗಮನಿಸಬೇಕು.

ಶಾಸನದಲ್ಲಿ ತೇದಿಗೆ ಅಂಕಿಗಳಿಲ್ಲ. ಸಂಸ್ಕೃತದ ಸಂಖ್ಯಾಪದಗಳಲ್ಲಿ ಎರಡು ಲೆಕ್ಕಗಳಿವೆ. ಮೊದಲನೆಯದು ಭಾರತ ಯುದ್ಧದಿಂದ ಕಳೆದ ವರ್ಷಗಳು: ಮೂವತ್ತು, ಮೂರು ಸಾವಿರ, ಏಳು ನೂರು, ಐದು. ಎರಡನೆಯದು ಶಕ ವರ್ಷ: ಐವತ್ತು, ಆರು, ಐದು ನೂರು. ಕೂಡಿದರೆ 3735 ಮತ್ತು 556 ಆಗುತ್ತವೆ. ಶಕ ವರ್ಷಕ್ಕೆ 78 ಸೇರಿಸಿದರೆ 634.

ಪದಗಳ ಕ್ರಮ ನೋಡಿ. ಮೂವತ್ತು ಮೊದಲು ಬಂದಿದೆ, ಸಾವಿರ ಆಮೇಲೆ. ಎರಡನೆಯದರಲ್ಲಿ ಹತ್ತು, ಬಿಡಿ, ಕೊನೆಗೆ ನೂರು. ಪದ್ಯದಲ್ಲಿ ಛಂದಸ್ಸಿಗೆ ಹೊಂದುವಂತೆ ಪದಗಳನ್ನು ಹಿಂದುಮುಂದು ಇಡಬಹುದು, ಆದರೂ ಸಂಖ್ಯೆ ಕೆಡುವುದಿಲ್ಲ, ಏಕೆಂದರೆ ಪ್ರತಿ ಪದವೂ ತನ್ನ ಬೆಲೆಯನ್ನು ತಾನೇ ಹೊತ್ತಿದೆ. ಏಳು ನೂರು ಎಲ್ಲಿ ನಿಂತರೂ ಏಳು ನೂರೇ. ಅಂಕಿಗಳಿಗೆ ಈ ಸ್ವಾತಂತ್ರ್ಯವಿಲ್ಲ. 30, 3000, 700, 5 ಎಂಬ ಕ್ರಮದಲ್ಲೇ ಮುಖ್ಯ ಅಂಕಿಗಳನ್ನು ಇಳಿಸಿದರೆ 3375 ಆಗುತ್ತದೆ, ಅದು ಬೇರೆಯದೇ ವರ್ಷ. ಪದದಲ್ಲಿ ಬೆಲೆ ಹೆಸರಿನಲ್ಲಿದೆ, ಅಂಕಿಯಲ್ಲಿ ಬೆಲೆ ಜಾಗದಲ್ಲಿದೆ. ಸ್ಥಾನಬೆಲೆ ಎಂಬ ಮಾತಿನ ಅರ್ಥ ಪೂರ್ತಿ ಇಷ್ಟೇ, ಮತ್ತು 4,532 ಎಂಬ ಉದಾಹರಣೆಯಿಂದ ಅದು ಎಂದೂ ಹೊರಬರುವುದಿಲ್ಲ.

ಸೊನ್ನೆಯ ಕೆಲಸವನ್ನೂ ಇದೇ ಪರಿಸರದಿಂದ ತೋರಿಸಬಹುದು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನದ ಕಾಲ ಶಕ 500, ಅಂದರೆ ಕ್ರಿ.ಶ. 578. ಪದದಲ್ಲಿ ಹೇಳುವಾಗ ಐದು, ನೂರು ಎಂದರೆ ಸಾಕು. ಹತ್ತೂ ಇಲ್ಲ, ಬಿಡಿಯೂ ಇಲ್ಲ ಎಂದು ಯಾರೂ ಹೇಳುವುದಿಲ್ಲ. ಅಂಕಿಯಲ್ಲಿ ಬರೆಯುವಾಗ ಮಾತ್ರ ಆ ಖಾಲಿ ಜಾಗಗಳನ್ನು ಕಾಯಲು ಎರಡು ಸೊನ್ನೆ ಬೇಕು. ಬಾದಾಮಿಯ ಬಂಡೆಯ ಮೇಲೆ ಒಂದನೆಯ ಪುಲಕೇಶಿಯ ಶಾಸನ ಶಕ 465ರದು. 465, 500, 556 ಈ ಮೂರಕ್ಕೂ 78 ಕೂಡಿಸಿ ಕ್ರಿ.ಶ. ವರ್ಷ ಕಂಡುಹಿಡಿಯುವುದೇ ಒಂದು ಒಳ್ಳೆಯ ಅಭ್ಯಾಸ.

ಒಂದು ಎಚ್ಚರಿಕೆ. ‘ನಮ್ಮ ಪೂರ್ವಿಕರಿಗೆ ಸ್ಥಾನಬೆಲೆ ಗೊತ್ತಿತ್ತು, ನೋಡಿ ಶಾಸನ’ ಎಂದು ಮಕ್ಕಳಿಗೆ ಹೇಳಲು ಈ ಉದಾಹರಣೆ ಅಲ್ಲ. ದೇಶದಲ್ಲಿ ಆಗ ಆ ತಿಳಿವು ಇತ್ತು. ಕ್ರಿ.ಶ. 499ರ ಆರ್ಯಭಟ ಪ್ರತಿ ಸ್ಥಾನವೂ ಹಿಂದಿನದರ ಹತ್ತರಷ್ಟು ಎಂದಿದ್ದಾನೆ. ಬ್ರಹ್ಮಗುಪ್ತ ಸೊನ್ನೆಯ ನಿಯಮಗಳನ್ನು ಬರೆದದ್ದು 628ರಲ್ಲಿ, ಈ ಶಾಸನಕ್ಕೆ ಆರೇ ವರ್ಷ ಮೊದಲು. ಆದರೆ ಮೇಗುತಿಯ ಗೋಡೆ ನಮಗೆ ತೋರಿಸುವುದು ಸ್ಥಾನಬೆಲೆಯಿಲ್ಲದೆಯೂ ಸಂಖ್ಯೆಯನ್ನು ಹೇಳುವ ಬಗೆಯನ್ನು. ಪಾಠಕ್ಕೆ ಬೇಕಾದದ್ದೂ ಆ ಹೋಲಿಕೆಯೇ.

ಮಡಚುವ ಪಟ್ಟಿಗಳು

ತರಗತಿಯಲ್ಲಿ ಇದನ್ನು ಮಾಡಲು ದೊಡ್ಡ ಸಾಮಗ್ರಿ ಬೇಕಿಲ್ಲ. ಗಣಿತ ಕಲಿಕಾ ಆಂದೋಲನದ ಕಿಟ್ ಇರುವ ಶಾಲೆಗಳಲ್ಲಿ ಸ್ಥಾನಬೆಲೆ ಪಟ್ಟಿಗಳು ಸಿಗುತ್ತವೆ. ಇಲ್ಲದಿದ್ದರೆ ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಸಾಕು. ನಾಲ್ಕು ಮನೆ ಉದ್ದದ ಪಟ್ಟಿಯಲ್ಲಿ 3000, ಮೂರು ಮನೆಯದರಲ್ಲಿ 700, ಎರಡರದರಲ್ಲಿ 30, ಒಂದರದರಲ್ಲಿ 5. ಎಲ್ಲ ಮನೆಗಳ ಅಗಲ ಒಂದೇ ಇರಬೇಕು.

ಶಿಕ್ಷಕರು ಶಾಸನದ ಕ್ರಮದಲ್ಲೇ ಹೇಳಲಿ: ಮೂವತ್ತು, ಮೂರು ಸಾವಿರ, ಏಳು ನೂರು, ಐದು. ಮಕ್ಕಳು ಪಟ್ಟಿ ಆರಿಸಿ, ದೊಡ್ಡದರ ಮೇಲೆ ಚಿಕ್ಕದು ಬರುವಂತೆ, ಬಲತುದಿ ಸರಿಯಾಗಿ ಕೂಡುವಂತೆ ಜೋಡಿಸಲಿ. ಮೇಲೆ ಕಾಣುವುದು 3735. ಯಾವ ಪಟ್ಟಿಯನ್ನು ಮೊದಲು ಇಟ್ಟರೂ ಉತ್ತರ ಅದೇ. ಮುಂದಿನದು ‘ಮೂರು ಸಾವಿರ, ಐದು’. 5ರ ಪಟ್ಟಿ 3000ದ ಕೊನೆಯ ಸೊನ್ನೆಯನ್ನು ಮುಚ್ಚುತ್ತದೆ, ನಡುವಿನ ಎರಡು ಸೊನ್ನೆ ಹಾಗೇ ಉಳಿಯುತ್ತವೆ. 30005 ಬರೆದ ಮಗು 5ನ್ನು ಪಕ್ಕಕ್ಕೆ ಇಡಬಾರದು, ಮೇಲೆ ಇಡಬೇಕು ಎಂಬುದನ್ನು ಕೈಯಿಂದ ಕಾಣುತ್ತದೆ. ಪಟ್ಟಿಗಳನ್ನು ಮತ್ತೆ ಬಿಡಿಸಿದರೆ 3000 + 5. ಮಡಚು, ಬಿಡಿಸು ಎಂಬ ಎರಡೂ ದಿಕ್ಕು ಒಂದೇ ಸಾಮಗ್ರಿಯಲ್ಲಿ ಸಿಗುತ್ತದೆ.

ಮುಂದಿನ ಹಂತ ‘ಎಷ್ಟು ನೂರುಗಳು’ ಎಂಬ ಪ್ರಶ್ನೆ. ಇದಕ್ಕೆ ಆಟದ ನೋಟುಗಳು ಒಳ್ಳೆಯವು, ಆದರೆ ಮೊದಲ ದಿನ 500, 200, 50, 20ರ ನೋಟುಗಳನ್ನು ಪೆಟ್ಟಿಗೆಯಲ್ಲೇ ಇಡಬೇಕು, ಅವು ಹತ್ತರ ಘಾತಗಳಲ್ಲ. ನೂರು, ಹತ್ತು, ಒಂದು ಮಾತ್ರ ಹೊರಗೆ ಬರಲಿ. ಸಾವಿರದ ನೋಟು 2016ರ ನವೆಂಬರಿನಲ್ಲೇ ಚಲಾವಣೆಯಿಂದ ಹೋಗಿದೆ, ಅದು ನಮಗೆ ಅನುಕೂಲವೇ. 3735 ರೂಪಾಯಿ ಎಣಿಸಿ ಕೊಡು ಎಂದರೆ ಮಗು 37 ನೂರರ ನೋಟು, 3 ಹತ್ತರ ನೋಟು, 5 ನಾಣ್ಯ ಎಣಿಸಬೇಕಾಗುತ್ತದೆ. ನೂರರ ಸ್ಥಾನದ ಅಂಕಿ 7, ಆದರೆ ಸಂಖ್ಯೆಯಲ್ಲಿರುವ ನೂರುಗಳು 37. ಈ ಎರಡನ್ನು ಬೇರ್ಪಡಿಸದೆ ಶೇಕಡಾವಾರು, ದಶಮಾಂಶ, ಭಾಗಾಕಾರ ಯಾವುದೂ ಗಟ್ಟಿಯಾಗುವುದಿಲ್ಲ.

ಇದು ಬಂದರೆ ದಶಕ ಸಹಿತ ವ್ಯವಕಲನವೂ ತಿಳಿಯಾಗುತ್ತದೆ. ಶಾಸನದ ಎರಡು ವರ್ಷಗಳ ವ್ಯತ್ಯಾಸ ಕೇಳೋಣ: 3735 – 556. ಐದರಲ್ಲಿ ಆರು ಹೋಗುವುದಿಲ್ಲ, ಪಕ್ಕದ ಮನೆಯಿಂದ ಕಡ ತಾ ಎಂಬ ಮಂತ್ರ ಬೇಡ. 3735ನ್ನೇ ಇನ್ನೊಂದು ಬಗೆಯಲ್ಲಿ ಬಿಡಿಸಿದರೆ ಆಯಿತು:

3000 + 700 + 30 + 5 = 3000 + 600 + 120 + 15

ಇದರಲ್ಲಿ 500 + 50 + 6 ಕಳೆದರೆ 3000 + 100 + 70 + 9, ಅಂದರೆ 3179. ಕಡ ತರುವುದು ಎಂದರೆ ಬೆಲೆ ಬದಲಿಸದೆ ಮತ್ತೊಂದು ರೀತಿಯಲ್ಲಿ ಬಿಡಿಸುವುದು ಎಂಬುದು ಇಲ್ಲಿ ಕಾಣುತ್ತದೆ. ಒಂದು ಸಂಖ್ಯೆಗೆ ಒಂದೇ ವಿಸ್ತೃತ ರೂಪ ಎಂಬ ತಪ್ಪು ತಿಳಿವಳಿಕೆಯೂ ಹೋಗುತ್ತದೆ. 3179 ಎಂಬ ಉತ್ತರಕ್ಕೂ ಅರ್ಥವಿದೆ: ಕಲಿ ವರ್ಷಕ್ಕೂ ಶಕ ವರ್ಷಕ್ಕೂ ಇರುವ ಅಂತರ ಅದೇ, ಇಂದಿನ ಪಂಚಾಂಗದಲ್ಲೂ ಅದೇ. ಮನೆಯ ಪಂಚಾಂಗ ತೆರೆದು ಎರಡೂ ವರ್ಷಗಳನ್ನು ಕಳೆದು ನೋಡುವುದು ಮಕ್ಕಳಿಗೆ ಒಳ್ಳೆಯ ಮನೆಗೆಲಸ.

ಹತ್ತರ ಘಾತ: ಎಷ್ಟು ಸಲ ಕಟ್ಟಿದ್ದು?

ಇಷ್ಟಾದ ಮೇಲೆ ಘಾತಗಳು ಬರಲಿ. 10³ ಎಂದರೆ ‘ಹತ್ತನ್ನು ಮೂರು ಬಾರಿ ಗುಣಿಸುವುದು’ ಎಂಬ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆ, ಆದರೂ ಮೂವತ್ತು ಎನ್ನುತ್ತಾರೆ. 10⁰ = 1 ಎಂಬುದಂತೂ ಒಪ್ಪಿಕೊಳ್ಳಬೇಕಾದ ಆಜ್ಞೆಯಂತೆ ಬರುತ್ತದೆ. ನನಗೆ ಹೆಚ್ಚು ಸಹಾಯಕ್ಕೆ ಬಂದದ್ದು ಕಟ್ಟು ಕಟ್ಟುವ ಮಾತು. ಹೊಲದಲ್ಲಿ ಜೋಳದ ಕಣಿಕೆಯನ್ನು ಸಿವುಡು ಕಟ್ಟುವುದನ್ನು ಈ ಕಡೆಯ ಮಕ್ಕಳು ನೋಡಿರುತ್ತಾರೆ. ಪೊರಕೆ ಕಡ್ಡಿಗಳನ್ನು ಹತ್ತು ಹತ್ತು ಮಾಡಿ ಕಟ್ಟಲಿ. ಅಂಥ ಹತ್ತು ಕಟ್ಟು ಸೇರಿಸಿ ಮತ್ತೆ ಕಟ್ಟಲಿ, ಅವು ಹತ್ತನ್ನು ಸೇರಿಸಿ ಇನ್ನೊಮ್ಮೆ ಕಟ್ಟಲಿ. ನಲವತ್ತು ಮಕ್ಕಳಿದ್ದರೆ ತಲೆಗೆ 25 ಕಡ್ಡಿ, ಸಾವಿರ ತುಂಬುತ್ತದೆ.

ಈಗ ಘಾತಾಂಕ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ: ಎಷ್ಟು ಸಲ ಕಟ್ಟಿದೆ? ದೊಡ್ಡ ಕಟ್ಟನ್ನು ಮೂರು ಸಲ ಕಟ್ಟಿದೆ, 10³. ನೂರರ ಕಟ್ಟು ಎರಡು ಸಲ, 10². ಹತ್ತರದು ಒಂದು ಸಲ, 10¹. ನೆಲದ ಮೇಲೆ ಉಳಿದ ಒಂಟಿ ಕಡ್ಡಿಯನ್ನು ಒಂದು ಸಲವೂ ಕಟ್ಟಿಲ್ಲ. ಅದು 10⁰, ಮತ್ತು ಅದು ಒಂದು ಕಡ್ಡಿ. ಆಜ್ಞೆಯಾಗಿದ್ದದ್ದು ಕಣ್ಣಿಗೆ ಕಾಣುವ ಸಂಗತಿಯಾಗುತ್ತದೆ. ಕಟ್ಟು ಬಿಚ್ಚಿದಷ್ಟೂ ಹತ್ತರಲ್ಲಿ ಒಂದು ಪಾಲಾಗುತ್ತದೆ ಎಂದು ಕಂಡವರಿಗೆ, ಒಂಟಿ ಕಡ್ಡಿಯನ್ನೇ ಹತ್ತು ತುಂಡು ಮಾಡಿದರೆ 10⁻¹ ಎಂಬುದೂ ಎಂಟನೇ ತರಗತಿಯಲ್ಲಿ ಕಷ್ಟವಾಗಲಾರದು.

ಅಭ್ಯಾಸಕ್ಕೆ ಸಂಖ್ಯೆಗಳನ್ನು ಮತ್ತೆ ಶಾಸನಗಳಿಂದಲೇ ತರಬಹುದು. ಹಿಂದೆ ನಾಡುಗಳ ಹೆಸರಿನ ಜೊತೆಗೇ ಒಂದು ಸಂಖ್ಯೆ ಇರುತ್ತಿತ್ತು. ಪಟ್ಟದಕಲ್ಲಿನ ಕಡೆಯ ಕಿಸುಕಾಡು 70, ಬೆಳ್ವೊಲ 300, ಬನವಾಸಿ 12,000, ಗಂಗವಾಡಿ 96,000. ಐಹೊಳೆಯ ಹೆಸರನ್ನು ದಕ್ಷಿಣ ಭಾರತಕ್ಕೆಲ್ಲ ಒಯ್ದ ವರ್ತಕರ ಸಂಘ ಅಯ್ಯಾವೊಳೆ ಐನೂರ್ವರದು. ಮೇಗುತಿಯ ಶಾಸನವೇ ಮೂರು ಮಹಾರಾಷ್ಟ್ರಕಗಳ 99,000 ಗ್ರಾಮಗಳ ಮಾತಾಡುತ್ತದೆ. 7 × 10¹, 3 × 10², 5 × 10² ಆದ ಮೇಲೆ 12,000ಕ್ಕೆ ಬಂದಾಗ ಎರಡು ಉತ್ತರಗಳು ಬರಲಿ: 12 × 10³ ಮತ್ತು 1 × 10⁴ + 2 × 10³. ಎರಡೂ ಸರಿ. ಯಾಕೆ ಸರಿ ಎಂದು ಮಕ್ಕಳೇ ವಾದಿಸಲಿ. 37 ನೂರು ಎಂದು ಎಣಿಸಿದವರಿಗೆ ಇದು ಬಿಡಿಸಲಾಗದ ಒಗಟಲ್ಲ.

ಸ್ಥಾನದ ಸಂಖ್ಯೆಯನ್ನೇ ಘಾತಾಂಕ ಎಂದುಕೊಳ್ಳುವ ತಪ್ಪೂ ಸಾಮಾನ್ಯ. ಬಲದಿಂದ ನಾಲ್ಕನೆಯ ಸ್ಥಾನ, ಹಾಗಾಗಿ 10⁴ ಎನ್ನುತ್ತಾರೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಮೊದಲನೆಯದು ಏಕ, ಎಂಟನೆಯದು ಕೋಟಿ, ಇಪ್ಪತ್ನಾಲ್ಕನೆಯದು ಮಹಾಕ್ಷೋಭ. ಕೋಟಿ ಎಂಟನೆಯ ಸ್ಥಾನವಾದರೂ 10⁷ ಏಕೆ, ಮಹಾಕ್ಷೋಭ 10²³ ಏಕೆ ಎಂದು ಕೇಳಿ. ಏಕದಲ್ಲಿ ಕಟ್ಟೇ ಇಲ್ಲ, ಎಣಿಕೆ ಸೊನ್ನೆಯಿಂದ ಶುರು ಎಂಬ ಉತ್ತರ ಒಬ್ಬರಿಂದಲಾದರೂ ಬರುತ್ತದೆ.

ಎರಡು ಆಕ್ಷೇಪಣೆಗಳು

ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಹಪಾಠಿಗಳು ಕೇಳಬಹುದು. ಒಂದು ಅವಧಿಯಲ್ಲಿ ತೊಡಗಿಸಿಕೊಳ್ಳುವಿಕೆಯಿಂದ ಮೌಲ್ಯಮಾಪನದವರೆಗೆ ಐದೂ ಹಂತ ಮುಗಿಯಬೇಕು ಎಂಬ ಒತ್ತಡ ನಿಜವಾದದ್ದೇ. ಪಟ್ಟಿಗಳ ಚಟುವಟಿಕೆಗೆ ಒಂದು ಅವಧಿ, ನೋಟು ಮತ್ತು ವ್ಯವಕಲನಕ್ಕೆ ಇನ್ನೊಂದು, ಕಡ್ಡಿಯ ಕಟ್ಟಿಗೆ ಮತ್ತೊಂದು, ಒಟ್ಟು ಮೂರು ಬೇಕು. ಆದರೆ ಈ ಮೂರು ಅವಧಿಗಳನ್ನು ಉಳಿಸಿದರೆ ಅವನ್ನು ಮುಂದೆ ದಶಮಾಂಶದಲ್ಲಿ, ಭಾಗಾಕಾರದಲ್ಲಿ, ವಿಜ್ಞಾನದ ಪಾಠದಲ್ಲಿ ದೊಡ್ಡ ಸಂಖ್ಯೆ ಬಂದಾಗಲೆಲ್ಲ ಮತ್ತೊಬ್ಬ ಶಿಕ್ಷಕರು ಕೊಡಬೇಕಾಗುತ್ತದೆ. ನಾವು ಬೋಧನಾಭ್ಯಾಸ ಮುಗಿಸಿ ಹೊರಡುತ್ತೇವೆ, ಮಗು ಅದೇ ತೊಡಕಿನೊಂದಿಗೆ ಮುಂದಿನ ತರಗತಿಗೆ ಹೋಗುತ್ತದೆ.

ಶಾಸನ ಮಕ್ಕಳಿಗೆ ದೂರದ ವಿಷಯ ಎಂಬುದು ಇನ್ನೊಂದು ಆಕ್ಷೇಪಣೆ. ಸಂಸ್ಕೃತವನ್ನಾಗಲಿ ಹಳೆಯ ಲಿಪಿಯನ್ನಾಗಲಿ ಕಲಿಸಬೇಕಿಲ್ಲ, ನಾಲ್ಕು ಸಂಖ್ಯಾಪದಗಳ ಕನ್ನಡ ಅರ್ಥ ಸಾಕು. ಬೇರೆ ಜಿಲ್ಲೆಯ ಶಾಲೆಗೆ ಹೋದವರು ಅಲ್ಲಿಯ ಸಂಖ್ಯೆಗಳನ್ನು ಹುಡುಕಲಿ. ಬೇಕಾದದ್ದು ಮೂರೇ ಗುಣ: ಕ್ರಮ ತಪ್ಪಿ ಹೇಳಲು ಬರಬೇಕು, ನಡುವೆ ಖಾಲಿ ಸ್ಥಾನ ಇರಬೇಕು, ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಬಿಡಿಸಲು ಬರಬೇಕು.

ಆದ್ದರಿಂದ ಮುಂದಿನ ಬೋಧನಾಭ್ಯಾಸಕ್ಕೆ ಸ್ಥಾನಬೆಲೆ ಆರಿಸಿಕೊಳ್ಳುವವರಿಗೆ ನನ್ನ ಸಲಹೆ ಪಾಠಯೋಜನೆಯ ಮೌಲ್ಯಮಾಪನದ ಕಾಲಮ್ಮಿಗೆ ಸಂಬಂಧಿಸಿದ್ದು. ‘4,532ನ್ನು ವಿಸ್ತರಿಸಿ ಬರೆ’ ಎಂಬುದನ್ನು ಬೇಕಾದರೆ ಉಳಿಸಿಕೊಳ್ಳಿ. ಅದರ ಕೆಳಗೆ ಈ ಮೂರನ್ನು ಸೇರಿಸಿ: ಐವತ್ತು, ಆರು, ಐದು ನೂರು ಕೂಡಿದ ಸಂಖ್ಯೆಯನ್ನು ಅಂಕಿಯಲ್ಲಿ ಬರೆ, ಮೂರು ಸಾವಿರದ ಐದನ್ನು ಅಂಕಿಯಲ್ಲಿ ಬರೆ, 3735ರಲ್ಲಿ ಒಟ್ಟು ಎಷ್ಟು ಹತ್ತುಗಳಿವೆ? ಮೂರಕ್ಕೂ ಉತ್ತರ ಬಂದ ತರಗತಿಗೆ 10³ ಎಂದು ಬರೆಯುವುದು ಒಂದು ಹೊಸ ಬರವಣಿಗೆಯಷ್ಟೇ. ಬಾರದ ತರಗತಿಯಲ್ಲಿ ಘಾತಾಂಕದ ಪಾಠವನ್ನು ಎರಡು ದಿನ ಮುಂದಕ್ಕೆ ಹಾಕಿ, ಪಟ್ಟಿಗಳನ್ನು ಹೊರತೆಗೆಯಿರಿ.